ಹೊರೆ ಇಲ್ಲದ ಜಂತಿ

ಲಾಲಪ್ಪ ತೀರಿಹೋದನೆಂಬ ಸುದ್ದಿ ಬಂದ ಬೆಳಿಗ್ಗೆ ಬಸವಪ್ರಭು ತನ್ನ ಸಾವಿಗಾಗಿ ಕಾಯುತ್ತ ಕುಳಿತಿದ್ದ.

ಮೂರು ದಿನಗಳಿಂದ ಹಾಗೆಯೇ ಕಾದಿದ್ದ. ನಸುಕಿನಲ್ಲಿ ಎದ್ದು ಮೈತೊಳೆದು, ಹಣೆಗೆ ವಿಭೂತಿ ಧರಿಸಿ, ಮಲಗಿದ್ದ ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಭವಾನಿ ಪೇಟೆಯ ಮಾವನ ವಾಡೆಯ ಹೊರಕಟ್ಟೆಗೆ ಬಂದು ಕೂಡುತ್ತಿದ್ದ. ಒಂದೊಂದು ಉಸಿರನ್ನೂ ಇದೇ ಕೊನೆಯದೋ ಏನೋ ಎಂದು ಎಳೆದುಕೊಳ್ಳುತ್ತಿದ್ದ. ಉಸಿರು ಮಾತ್ರ ತಡೆಯಿಲ್ಲದೆ ಬರುತ್ತಿತ್ತು, ಹೋಗುತ್ತಿತ್ತು. ಗುರುವಾರ ಎಂಟರ ಸುಮಾರಿಗೆ ಯರವಡಾದ ಕಡೆಯಿಂದ ಸೈಕಲ್ಲಿನ ಮೇಲೆ ಬಂದವನೊಬ್ಬ, ಇಳಿಯದೆ ಒಂದು ಕಾಲೂರಿ ನಿಂತು, "ಲಾಲಪ್ಪ ಮಿಸ್ತ್ರಿ ಗೇಲೆ," ಎಂದ. ಮರಾಠಿಯ ಆ ಒಂದು ಮಾತು ಸಾಕಾಯಿತು. ಮಲಗಿದ್ದ ಬಡಿಗ ಮತ್ತೆ ಎದ್ದಿರಲಿಲ್ಲ. ಮೈಮೇಲೆ ಒಂದು ಗೀರು ಕೂಡ ಇಲ್ಲವಂತೆ. ಆದರೆ ಮಂಚದ ನಾಲ್ಕೂ ಕಾಲು ಮುರಿದು ಮಂಚ ನೆಲಕ್ಕೆ ಅಂಟಿತ್ತಂತೆ.

ಬಸವಪ್ರಭು ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಎದೆ ಹಗುರಾಗಿತ್ತು. ಹಗುರಾಗಿದ್ದುದಕ್ಕೇ ಅವನಿಗೆ ನಡುಕ ಬಂತು.

ಅವನು ಧಾರವಾಡದ ಕಡೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ, ಖರಾಡಿಯಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಗಳ ಕೆಲಸಕ್ಕೆಂದು ಪುಣೆಗೆ ಬಂದು ಒಂದೂವರೆ ವರ್ಷವಾಗಿತ್ತಷ್ಟೆ. ಮಾವ ಶಿವರುದ್ರಪ್ಪನವರದು ವಿಜಾಪುರದಿಂದ ಬಂದ ಮೆಣಸಿನಕಾಯಿ ವ್ಯಾಪಾರಸ್ಥರ ಮನೆತನ. ಅವರ ತಂದೆ ಐವತ್ತನೆಯ ಇಸವಿಯಲ್ಲಿ ಕಟ್ಟಿಸಿದ ವಾಡೆ ಅದು: ಕೆಳಗೆ ಮೆಣಸಿನಕಾಯಿಯ ಕೋಠಿ, ಮಹಡಿಯ ಮೇಲೆ ವಾಸ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಮಂಗಳೂರು ಹೆಂಚು. ಒಬ್ಬಳೇ ಮಗಳು ಸಪ್ನಾ. ಬಸವಪ್ರಭುವಿನ ಹೆಂಡತಿ. ಎರಡು ಸಾವಿರದ ಎರಡನೆಯ ಇಸವಿಯ ಆ ಬೇಸಿಗೆಯಲ್ಲಿ ಅವಳಿಗೆ ಎಂಟನೆಯ ತಿಂಗಳು ನಡೆದಿತ್ತು. ಚೊಚ್ಚಿಲ ಹೆರಿಗೆ ತವರಿನಲ್ಲೇ ಆಗಬೇಕು. ಕೆಳಗೆ ಮಲಗಿಸೋಣವೆಂದರೆ ಮೆಣಸಿನಕಾಯಿಯ ಘಾಟಿಗೆ ಬಸುರಿ ಸೀನಿ ಸೀನಿ ಸೊರಗುತ್ತಾಳೆ. ಮಹಡಿಯ ಮೂಡಣ ಕೋಣೆಯೊಂದೇ ಗತಿ. ಆದರೆ ಆ ಕೋಣೆಯ ನೆತ್ತಿಯ ಮೇಲೆ ಮಾಡು ಬಾಗಿತ್ತು. ಜೂನ್ ಮೊದಲ ವಾರದ ಮೃಗದ ಮಳೆ ಬೀಳುವುದರೊಳಗೆ ಅದನ್ನು ಗಟ್ಟಿ ಮಾಡಲೇಬೇಕು. ಅಳಿಯ ಮುಂದೆ ಬಂದ. ಹೆಂಡತಿ, ಹುಟ್ಟಲಿರುವ ಕೂಸು, ಇಬ್ಬರೂ ಆ ಮಾಡಿನ ಕೆಳಗೆ ಮಲಗುವವರು. ಕೆಲಸವನ್ನು ಬೇರೆಯವರಿಗೆ ಬಿಡಲು ಅವನಿಗೆ ಮನಸ್ಸಿರಲಿಲ್ಲ.

ಮೊದಲ ದಿನ ಅಟ್ಟ ಹತ್ತಿದವರು ಇಬ್ಬರು. ಬಸವಪ್ರಭು, ಮತ್ತು ಆ ಮನೆಯ ಮರಗೆಲಸವನ್ನು ನಲವತ್ತು ವರ್ಷದಿಂದ ನೋಡಿಕೊಂಡು ಬಂದಿದ್ದ ಲಾಲಪ್ಪ. ಯಾದಗಿರಿ ಕಡೆಯ ಮನುಷ್ಯ, ಅರವತ್ತರ ವಯಸ್ಸು, ಮಾತು ಕಡಿಮೆ. ಮನೆಯಲ್ಲಿ ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಅವನು ಶಿವರುದ್ರಪ್ಪನವರ ಹಾಲಿನ ತಮ್ಮ. ಹುಟ್ಟಿದ ಹತ್ತನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಆ ಕೂಸನ್ನು ಶಿವರುದ್ರಪ್ಪನವರ ತಾಯಿ ಎತ್ತಿಕೊಂಡು, ಒಂದು ಮೊಲೆ ಮಗನಿಗೆ, ಒಂದು ಮೊಲೆ ಇವನಿಗೆ ಎಂದು ಊಡಿ ಬದುಕಿಸಿದ್ದರು.

ಅಟ್ಟದೊಳಗೆ ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಇಲಿಯ ಹಿಕ್ಕೆ, ಹಳೆಯ ಧೂಳು, ಕೆಳಗಿನಿಂದ ಏರಿಬಂದು ಐವತ್ತು ವರ್ಷ ಮರದಲ್ಲಿ ಕೂತ ಮೆಣಸಿನ ಖಾರ. ಬಸವಪ್ರಭು ಬ್ಯಾಟರಿ ಹಿಡಿದು, ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹಾಸಿದ ಜಂತಿಗಳನ್ನು ಒಂದೊಂದಾಗಿ ನೋಡುತ್ತ ಹೋದ. ಯಾವುದು ಭಾರ ಹೊತ್ತಿದೆ, ಯಾವುದು ಸೋತಿದೆ ಎಂಬುದನ್ನು ಮೊದಲು ತಿಳಿಯಬೇಕು, ಆಮೇಲೆ ಅಡಿಗೆ ನಿಲ್ಲಿಸುವ ಆನಿಕೆ. ಸುತ್ತಿಗೆಯ ಹಿಡಿಯಿಂದ ಬಡಿದು ಕಿವಿಗೊಡುವನು. ಗಟ್ಟಿ ಮರ ಠಣ್ ಎನ್ನುತ್ತಿತ್ತು, ಗೆದ್ದಲು ತಿಂದದ್ದು ಡೊಬ್ ಎನ್ನುತ್ತಿತ್ತು. ದಬ್ಬಣ ಚುಚ್ಚಿ ಆಳ ನೋಡುವನು. ಆರನೆಯದೂ ಹನ್ನೊಂದನೆಯದೂ ಸೋತಿದ್ದವು. ಹದಿನಾಲ್ಕರವರೆಗೆ ಎಲ್ಲವೂ ಲೆಕ್ಕಕ್ಕೆ ಸಿಕ್ಕವು. ಹದಿನೈದನೆಯದು, ಮೂಡಣ ಗೋಡೆಯ ಮಗ್ಗುಲಿನದು, ಬೇರೆಯಾಗಿತ್ತು. ಅದರ ಮೇಲೆ ಮಾಡನ್ನು ಹೊರುವ ಒಂದೂ ಗುಜ್ಜುಗಂಬ ನಿಂತಿರಲಿಲ್ಲ. ಅದರ ತುದಿಗಳು ಗೋಡೆಯನ್ನು ಮುಟ್ಟಿರಲಿಲ್ಲ. ಎರಡು ತಾಮ್ರದ ತಂತಿಗಳಿಂದ ಮೇಲಿನ ತೊಲೆಗೆ ತೂಗುಹಾಕಿದ್ದರು. ಬಸವಪ್ರಭು ಜೇಬಿನಲ್ಲಿದ್ದ ಪೋಸ್ಟ್ ಕಾರ್ಡನ್ನು ತುದಿಯ ಸಂದಿನಲ್ಲಿ ತೂರಿಸಿದ. ಕಾರ್ಡು ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಸರಿದುಹೋಯಿತು.

"ಇದು ಏನೂ ಹೊತ್ತಿಲ್ಲಲ್ಲ, ಕಾಕಾ," ಎಂದು ನಕ್ಕ. "ಸರಕಾರಿ ನೌಕರ ಇದ್ದಂಗ ಅದ. ಐವತ್ತು ವರ್ಷ ಹಾಜರಿ ಹಾಕೇದ, ಕೆಲಸ ಮಾಡಿಲ್ಲ."

ಲಾಲಪ್ಪ ನಗಲಿಲ್ಲ. ಆ ಜಂತಿಯ ಮೇಲೆ ಅಂಗೈ ಊರಿ ನಿಂತಿದ್ದ, ಜ್ವರದವರ ಹಣೆ ಮುಟ್ಟಿ ನೋಡುವ ಹಾಗೆ.

"ಹೊತ್ತದ್ರಿ, ಅಳಿಯಾರ. ನಿಮಗ ಕಾಣೂದಿಲ್ಲ ಅಷ್ಟ."

ಹಳೆಯ ಬಡಿಗರು ಮೆಟ್ಟಿಲನ್ನಾಗಲಿ ಜಂತಿಯನ್ನಾಗಲಿ ಒಂದು, ಎರಡು, ಮೂರು ಎಂದು ಎಣಿಸುವವರಲ್ಲ. ಇಂದ್ರ, ಯಮ, ರಾಜ ಎಂದು ಎಣಿಸುತ್ತಾರೆ. ಮತ್ತೆ ಇಂದ್ರ, ಯಮ, ರಾಜ. ಎಣಿಕೆ ಇಂದ್ರನಲ್ಲೋ ರಾಜನಲ್ಲೋ ನಿಂತರೆ ಮನೆಗೆ ಕ್ಷೇಮ. ಯಮನಲ್ಲಿ ನಿಲ್ಲಬಾರದು. ಲಾಲಪ್ಪ ಅಂದು ಬೆರಳು ಮಡಿಚಿ ಎಣಿಸಿ ತೋರಿಸಿದ. ಹದಿನೈದನೆಯದು ರಾಜ. ಅದೊಂದನ್ನು ತೆಗೆದರೆ ಕೊನೆಗೆ ಉಳಿಯುವುದು ಹದಿನಾಲ್ಕನೆಯದು, ಯಮ.

"ಬೇಕಾರ ಎಲ್ಲಾ ಜಂತಿ ಬದಲಿ ಮಾಡ್ರಿ," ಎಂದ. "ಇದಕ್ಕ ಕೈ ಹಚ್ಚಬ್ಯಾಡ್ರಿ. ಈ ಮಾಡಿಗೆ ಮಾಟ ಆಗ್ಯದ. ಎಣಿಕಿ ಯಮನ ಮ್ಯಾಲ ನಿಂತ್ರ, ನಿಂತಲ್ಲಿ ಭಾರ ಇಳೀತದ."

"ಭಾರ ಎಲ್ಲಿ ಇಳೀಬೇಕು ಅನ್ನೂದು ಕಲಿಯಾಕ ನಾ ಮೂರು ವರ್ಷ ಕಾಲೇಜಿಗೆ ಹೋಗೇನಿ, ಕಾಕಾ. ಯಮ ಬಂದ್ರ ಹೇಳ್ರಿ, ಸೈಟಿನಾಗ ಹೆಲ್ಮೆಟ್ ಹಾಕ್ಕೊಂಡ ಬರಬೇಕು ಅಂತ."

ಲಾಲಪ್ಪ ತಿರುಗಿ ತನ್ನ ಚೀಲ ಬಿಚ್ಚಿದ. ಉಳಿ, ಬಾಚಿ, ಅರಿಸಿನ ಸವರಿದ ಅಳತೆಯ ದಾರದ ಉಂಡೆ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಇಳಿದು ಹೋದ. ಅಂದಿನಿಂದ ಕೆಲಸಕ್ಕೆ ಬರಲಿಲ್ಲ. ಅತ್ತೆ ಕಲ್ಲವ್ವನವರು ಮಾತ್ರ ಅಳಿಯನ ಎದುರು ಸೆರಗು ಸರಿಪಡಿಸಿಕೊಳ್ಳುತ್ತ, ತಮ್ಮ ಮಾವನವರು ಸಾಯುವಾಗ ಕೂಡ ಆ ಜಂತಿಯನ್ನು ಮುಟ್ಟಬೇಡಿರೆಂದು ಹೇಳಿದ್ದರೆಂದು ತಿಳಿಸಿದರು. ಯಾಕೆ ಎಂದರೆ ಅವರಿಗೂ ಗೊತ್ತಿಲ್ಲ. ಪ್ರತಿ ಅಮಾವಾಸ್ಯೆಗೆ ಅಟ್ಟ ಹತ್ತಿ ಅದಕ್ಕೆ ವಿಭೂತಿ ಹಚ್ಚಿ ಬರುವುದಷ್ಟೇ ಗೊತ್ತು. ಶಿವರುದ್ರಪ್ಪನವರು ಕಲಿತ ಅಳಿಯನ ಮುಂದೆ ಸಂಕೋಚಪಟ್ಟರು. ನಿಮಗೆ ತಿಳಿದಂತೆ ಮಾಡಿರೆಂದು ಹೇಳಿ ಅಂಗಡಿಗೆ ಹೊರಟರು. ದೊಡ್ಡವರ ಒಂದು ಮಾತನ್ನು ಸಂಕೋಚಕ್ಕೆ ಬಿಟ್ಟುಕೊಟ್ಟ ಮನೆಗಳು ಎಷ್ಟೋ ಹಾಳಾಗಿವೆ.

ಬಸವಪ್ರಭು ಖರಾಡಿಯಿಂದ ನಾಲ್ಕು ಜನ ಆಳುಗಳನ್ನು ಕರೆತಂದ. ಸೋತ ಎರಡು ಜಂತಿಗಳ ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಹಚ್ಚಿ ಬೋಲ್ಟು ಬಿಗಿಸಿದ. ಅವುಗಳ ಅಡಿಗೆ ಆನಿಕೆ ಕೊಡಲು ಒಳ್ಳೆಯ ಸಾಗವಾನಿ ಬೇಕಿತ್ತು. ಹೊರೆ ಹೊರದೆ ತೂಗಾಡುತ್ತಿದ್ದ ಜಂತಿ ಕಣ್ಣೆದುರಿಗೇ ಇತ್ತು. ತಂತಿ ಕತ್ತರಿಸಿದ.

ನಾಲ್ಕೂ ಜನ ಹಿಡಿದಿದ್ದರು. ಆದರೂ ಜಂತಿ ದಡ್ಡೆಂದು ಹಲಗೆಯ ಮೇಲೆ ಕುಸಿಯಿತು. ವಾಡೆ ಬುಡದಿಂದ ಅದುರಿತು. ಬೆವರು ಒರೆಸಿಕೊಂಡು ಒಬ್ಬ ಆಳು ತನ್ನ ಮರಾಠಿಯಲ್ಲಿ, "ಸಾಹೇಬ, ಹೇ ಲಾಕೂಡ ಲಯಿ ಜಡ ಆಹೇ," ಎಂದ. ಐವತ್ತು ವರ್ಷ ಒಣಗಿದ ಕಟ್ಟಿಗೆ ಇಷ್ಟು ಭಾರವಿರಲು ಸಾಧ್ಯವೇ ಇಲ್ಲ. ಮೂರು ತುಂಡು ಮಾಡಿರೆಂದು ಬಸವಪ್ರಭು ಗದರಿಸಿದ. ಗರಗಸ ಇಳಿಯಿತು. ಸಾಗವಾನಿಯ ಎಣ್ಣೆವಾಸನೆ ಬರಬೇಕಾದಲ್ಲಿ ಬೇರೊಂದು ವಾಸನೆ ಎದ್ದಿತು: ಹಾಸಿಗೆ ಹಿಡಿದ ಮನುಷ್ಯನ ಬೆವರು, ಮುಚ್ಚಿದ ಕೋಣೆಯ ಉಸಿರು. ನಡುಮಧ್ಯದಲ್ಲಿ ಉಳಿಯಿಂದ ಕೊರೆದ ಒಂದು ಗುಳಿ; ಅದಕ್ಕೆ ಮೇಣ ಮೆತ್ತಿತ್ತು. ಗರಗಸ ಅದನ್ನು ಸೀಳಿದಾಗ ಕಂದು ಬಣ್ಣದ ದಾರದ ಸಿಂಬಿಯೊಂದು ಅಂಗೈ ಮೇಲೆ ಬಿತ್ತು. ಹುಳದ ಗೂಡೆಂದುಕೊಂಡು ಬಸವಪ್ರಭು ಉಫ್ ಎಂದು ಊದಿಬಿಟ್ಟ. ಅದು ಪುಡಿಯಾಗಿ ಹಾರಿಹೋಯಿತು.

ಮೂರು ತುಂಡುಗಳು ಮೂರು ಆನಿಕೆಗಳಾದವು. ಬಾಗಿದ ಮಾಡು ನೆಟ್ಟಗಾಯಿತು. ಅವನು ಅಟ್ಟದ ನಡುವೆ ನಿಂತು ಮೂರು ಸಲ ಜಿಗಿದು ತೋರಿಸಿದ. ಒಂದು ಹೆಂಚೂ ಅಲುಗಲಿಲ್ಲ. ಕಟ್ಟಿದ ದಿನದಿಂದ ಆ ಮಾಡು ಅಷ್ಟು ಗಟ್ಟಿಯಾಗಿ ಎಂದೂ ಇರಲಿಲ್ಲ.

ಶುಕ್ರವಾರ ಸಪ್ನಾ ಬಂದಳು. ಗಾಳಿಗೆಂದು ಮಂಚವನ್ನು ಮೂಡಣ ಕಿಟಕಿಯ ಬಳಿ ಹಾಕಿದರು. ಹದಿನಾಲ್ಕನೆಯ ಜಂತಿಯ ನೇರ ಕೆಳಗೆ.

ಶನಿವಾರ ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದರು. ಬೀದಿಯಲ್ಲಿ ಹಮಾಲರ ಕೂಗೂ ನಿಂತಿತ್ತು. ಅಟ್ಟದಲ್ಲಿ ಯಾರೋ ಮರವನ್ನು ಬಡಿದರು. ಟಕ್. ಸ್ವಲ್ಪ ತಡೆದು, ಟಕ್. ಬಸವಪ್ರಭು ತಾನು ಬಡಿದಂತೆಯೇ ಎಂದುಕೊಂಡ. ಪಡುವಣ ಗೋಡೆಯಿಂದ ಆರಂಭಿಸಿ, ಜಂತಿಗೊಂದು ಪೆಟ್ಟು. ಸದ್ದು ಹತ್ತಿರ ಹತ್ತಿರ ಬಂತು. ಅವನಿಗೆ ಅರಿವಿಲ್ಲದೆಯೇ ತುಟಿ ಎಣಿಸುತ್ತಿತ್ತು. ಹದಿಮೂರು. ಹದಿನಾಲ್ಕು. ನಿಂತಿತು. ಅದರ ಕೆಳಗೆ ಮಂಚದಲ್ಲಿ ಸಪ್ನಾ ನಿದ್ದೆಯಲ್ಲಿ ನರಳಿದಳು.

ಅವನು ಏಣಿ ಹತ್ತಿ ನೋಡಿದ. ಯಾರೂ ಇರಲಿಲ್ಲ. ಧೂಳಿನ ಮೇಲೆ ಅವನದೇ ಹೆಜ್ಜೆಗಳು. ಇಲಿ, ಎಂದು ತನಗೇ ಹೇಳಿಕೊಂಡ. ಬಿಸಿಲಿಗೆ ಮರ ಹಿಗ್ಗುತ್ತದೆ, ಎಂದೂ ಹೇಳಿಕೊಂಡ. ಇಳಿದು ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದೆ ಎಂದಳು ಸಪ್ನಾ. ಬಸುರಿಯರಿಗೆ ಸಹಜವೆಂದು ಎಲ್ಲರೂ ಸಮಾಧಾನ ಹೇಳಿದರು. ಭಾನುವಾರ ರಿಕ್ಷಾದಲ್ಲಿ ಡಾಕ್ಟರರ ಬಳಿಗೆ ಕರೆದೊಯ್ದರು. ಕೂಸಿನ ಎದೆಬಡಿತ ಸರಿಯಾಗಿದೆ, ರಕ್ತದೊತ್ತಡ ಸರಿಯಾಗಿದೆ ಎಂದರು ಡಾಕ್ಟರು. ಹೊರಡುವಾಗ ನರ್ಸಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಹೋದ ತಿಂಗಳು ಐವತ್ತೆಂಟು ಕಿಲೋ ಇದ್ದವಳು. ಮುಳ್ಳು ನೂರನ್ನು ದಾಟಿ, ನೂರಿಪ್ಪತ್ತನ್ನು ದಾಟಿ, ಕೊನೆಯ ಗೆರೆಗೆ ಹೋಗಿ ಬಡಿದು ನಡುಗುತ್ತ ನಿಂತಿತು. ಯಂತ್ರ ಕೆಟ್ಟಿದೆಯೆಂದು ನರ್ಸಮ್ಮ ಅದನ್ನು ಕಾಲಿನಿಂದ ಒದ್ದಳು. ಬಸವಪ್ರಭು ನಗಲು ನೋಡಿದ. ಆಗಲಿಲ್ಲ. ಮರಳುವಾಗ ರಿಕ್ಷಾದವನು ಹಿಂದಿನ ಗಾಲಿಗಳನ್ನು ಎರಡು ಸಲ ಇಳಿದು ನೋಡಿದ.

ಆ ಸಂಜೆ ಕಲ್ಲವ್ವನವರು ಅಳಿಯನನ್ನು ಕೇಳದೆ ಲಾಲಪ್ಪನಿಗೆ ಹೇಳಿ ಕಳಿಸಿದರು.

ಸೋಮವಾರ ಹೊತ್ತೇರಿದಂತೆಲ್ಲ ಮೋಡ ಕವಿಯಿತು. ಹನ್ನೊಂದು ಗಂಟೆಗೆ ದೀಪ ಹಚ್ಚಬೇಕಾಯಿತು. ಹನ್ನೊಂದೂವರೆಗೆ ಕರೆಂಟು ಹೋಯಿತು. ಮೃಗದ ಮೊದಲ ಮಳೆ ಹೆಂಚಿನ ಮೇಲೆ ಕಲ್ಲು ಸುರಿದಂತೆ ಬಿತ್ತು. ಆ ಸದ್ದಿನ ಒಳಗಿನಿಂದಲೇ ಮತ್ತೊಂದು ಸದ್ದು ಕೇಳಿಸಿತು. ಟಕ್. ಟಕ್. ಈ ಸಲ ನಿಧಾನವಿರಲಿಲ್ಲ. ಇಂದ್ರ, ಯಮ, ರಾಜ. ಇಂದ್ರ, ಯಮ, ರಾಜ. ಪೆಟ್ಟು ಓಡೋಡಿ ಬಂತು. ಹದಿನಾಲ್ಕರಲ್ಲಿ ನಿಂತಿತು. ಮಂಚದ ಕಾಲೊಂದು ಲಟಕ್ಕನೆ ಮುರಿಯಿತು.

ಸಪ್ನಾಳ ಬಾಯಿ ತೆರೆದಿತ್ತು. ಕೂಗು ಹೊರಡಲಿಲ್ಲ. ಎದೆ ಏರುತ್ತಿರಲಿಲ್ಲ. ಕಲ್ಲವ್ವನವರು ಮಗಳ ತಲೆ ಹಿಡಿದುಕೊಂಡು ಶಿವ ಶಿವ ಎನ್ನುತ್ತಿದ್ದರು. ಬಸವಪ್ರಭು ಅವಳ ಭುಜದ ಕೆಳಗೆ ಕೈ ಹಾಕಿ ಎತ್ತಿದ. ಅವಳು ಏಳಲಿಲ್ಲ. ಶಿವರುದ್ರಪ್ಪನವರು ಕೈಜೋಡಿಸಿದರು. ಕೋಠಿಯ ಹಮಾಲರಿಬ್ಬರು ಓಡಿ ಬಂದರು, ಎರಡು ಚೀಲ ಒಮ್ಮೆಗೇ ಎತ್ತುವ ಗಟ್ಟಿಗರು. ನಾಲ್ವರಿಂದಲೂ ಆ ಬಡಕಲು ಹುಡುಗಿಯನ್ನು ಒಂದು ಬೆರಳಿನಷ್ಟು ಎತ್ತಲಾಗಲಿಲ್ಲ. ಮಂಚದ ಕೆಳಗೆ ಹಲಗೆ ಬಾಗುತ್ತಿತ್ತು. ಮುಚ್ಚಿದ ಕೋಣೆಯ ಉಸಿರಿನ ಆ ವಾಸನೆ ಎಲ್ಲೆಡೆ ತುಂಬಿತ್ತು. ಬಸವಪ್ರಭುವಿಗೆ ಆ ವಾಸನೆಯ ಗುರುತು ಹತ್ತಿತು.

ಅಷ್ಟರಲ್ಲಿ ಬಾಗಿಲಿಗೆ ಕೈಗಾಡಿ ಬಂದು ನಿಂತಿತು. ಲಾಲಪ್ಪ ನೆನೆದು ತೊಪ್ಪೆಯಾಗಿದ್ದ. ಗಾಡಿಯ ಮೇಲೆ ಗೋಣಿಯಲ್ಲಿ ಸುತ್ತಿದ ಹೊಸ ಜಂತಿ. ಕೆಲಸ ಬಿಟ್ಟ ದಿನವೇ ಅದನ್ನು ಟಿಂಬರ್ ಮಾರ್ಕೆಟ್ಟಿನಲ್ಲಿ ಆರಿಸಿ, ಕೆತ್ತಿ ಸಿದ್ಧ ಮಾಡಿಟ್ಟಿದ್ದ. ಅವನು ಯಾರನ್ನೂ ಏನನ್ನೂ ಕೇಳಲಿಲ್ಲ. ಹಮಾಲರಿಂದ ಜಂತಿಯನ್ನು ಅಟ್ಟಕ್ಕೆ ಏರಿಸಿ, ಅವರನ್ನು ಕೆಳಗೆ ಕಳಿಸಿ, ಬಸವಪ್ರಭುವನ್ನು ಮಾತ್ರ ಉಳಿಸಿಕೊಂಡ.

ಮೂರು ಆನಿಕೆಗಳನ್ನು ಅವನು ಬ್ಯಾಟರಿಯ ಬೆಳಕಿನಲ್ಲಿ ನೋಡಿದ. ಒಂದನ್ನು ಕೈಯಿಂದ ಸವರಿದ.

"ನಮ್ಮಪ್ಪನ್ನ ಮೂರು ತುಂಡ ಮಾಡೀರಿ," ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಕೆಲಸ ಮಾಡುತ್ತಲೇ ಇತ್ತು, ತಂತಿ ಬಿಚ್ಚುತ್ತ, ಗುಳಿ ತೋಡುತ್ತ. ನಡುನಡುವೆ ನಾಲ್ಕು ನಾಲ್ಕು ಮಾತಿನಲ್ಲಿ ಹೇಳಿದ. ವಾಡೆ ಕಟ್ಟುವಾಗ ದಾಯಾದಿಯೊಬ್ಬನಿಗೂ ಶಿವರುದ್ರಪ್ಪನವರ ತಂದೆಗೂ ಗೋಡೆಯ ತಂಟೆ ಬಿದ್ದಿತ್ತು. ದಾಯಾದಿ ಮಾಟ ಮಾಡಿಸಿದ: ಈ ಮಾಡು ಇವರ ಎದೆಯ ಮೇಲೆ ಕೂರಲಿ ಎಂದು. ಗೃಹಪ್ರವೇಶವಾದ ತಿಂಗಳಲ್ಲೇ ಮಲಗಿದ ಇಬ್ಬರು ಎದ್ದಿರಲಿಲ್ಲ. ಮಾಟ ಎಲ್ಲಿ ಹೂತಿದ್ದಾರೆಂದು ಯಾರಿಗೂ ಸಿಗಲಿಲ್ಲ. ತೆಗೆಯಲಾಗದ ಭಾರವನ್ನು ಯಾರಾದರೂ ಹೊರಬೇಕು. ಮಾಡಿನ ಭಾರವನ್ನೇ ಹೊರದ ಒಂದು ಜಂತಿ, ಅದರೊಳಗೆ ಒಬ್ಬ ಮನುಷ್ಯನ ನೆತ್ತಿಯಿಂದ ಹಿಮ್ಮಡಿಯವರೆಗಿನ ಅಳತೆಯ ದಾರ. ಎಣಿಕೆಯೂ ರಾಜನಿಗೆ ಬರುತ್ತದೆ, ಭಾರವೂ ದಾರದ ಮನುಷ್ಯನ ಮೇಲೆ ಹೋಗುತ್ತದೆ. ಲಾಲಪ್ಪನ ಅಪ್ಪ ತನ್ನ ತಾಯಿಯಿಲ್ಲದ ಮಗನಿಗೆ ಹಾಲು ಊಡಿದ ಮನೆಗಾಗಿ ತನ್ನ ದಾರ ಇಟ್ಟ. ಮೂರನೆಯ ದಿನ ಸತ್ತ. ಆಗ ಲಾಲಪ್ಪನಿಗೆ ಎಂಟು ವರ್ಷ. ಅಪ್ಪನಿಲ್ಲದ ಮನೆ ಹೇಗಿರುತ್ತದೆಂದು ಅವನು ಹೇಳಲು ಹೋಗಲಿಲ್ಲ.

ಕೆಳಗಿನಿಂದ ಕಲ್ಲವ್ವನವರ ಕೂಗು ಕೇಳಿಸಿತು. ಮಂಚದ ಇನ್ನೊಂದು ಕಾಲು ಹೋಯಿತು.

"ನಂದು ಇಡ್ರಿ," ಎಂದ ಬಸವಪ್ರಭು. "ತಗದಾವ ನಾನು. ನನ್ನ ದಾರ ಇಡ್ರಿ ಕಾಕಾ."

ಲಾಲಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಮಾಡು ತಗ್ಗು, ನಿಂತು ಅಳೆಯಲು ಬರುವಂತಿರಲಿಲ್ಲ. ಮಲಗಿರಿ ಎಂದ. ಬಸವಪ್ರಭು ಧೂಳಿನ ಹಲಗೆಯ ಮೇಲೆ ಹೆಣದಂತೆ ನೀಳವಾಗಿ ಮಲಗಿದ. ಅರಿಸಿನದ ದಾರದ ತುದಿ ಅವನ ನೆತ್ತಿಗೆ ತಾಗಿತು. ಮೂಗಿನ ಮೇಲೆ, ಎದೆಯ ಮೇಲೆ, ಹೊಟ್ಟೆಯ ಮೇಲೆ ಹಾದು ಹಿಮ್ಮಡಿಗೆ ಹೋಯಿತು. ಕತ್ತರಿಸಿದ ಸದ್ದು ಕೇಳಿಸಿತು.

"ನನಗಿಂತ ಗೇಣು ಉದ್ದ ಅದೀರಿ," ಎಂದ ಲಾಲಪ್ಪ. ಆ ಹೊತ್ತಿನಲ್ಲಿ ಅದೇನು ಮಾತೆಂದು ಬಸವಪ್ರಭುವಿಗೆ ಅನಿಸಿತು.

ಬ್ಯಾಟರಿ ಆರಿತು.

ಕಪ್ಪು ಕತ್ತಲೆ. ಮಳೆಯ ಮೊರೆತ. ಮೇಣ ಕಾಯಿಸುವ ಬೆಂಕಿಕಡ್ಡಿ ಒಮ್ಮೆ ಭಗ್ಗೆಂದು ಆರಿತು. ಆ ತುದಿಗೆ ಹೋಗಿ ಹಿಡಿಯಿರಿ ಎಂದ ಲಾಲಪ್ಪ. ಬಸವಪ್ರಭು ತೆವಳಿದ. ಕೈಗೆ ಜಂತಿ ಸಿಕ್ಕಿತು. ಹೊಸ ಮರ, ಹಗುರ. ಅದೇ ಕ್ಷಣ ಪಡುವಣ ಗೋಡೆಯಲ್ಲಿ ಟಕ್ ಎಂದಿತು. ಇಂದ್ರ. ಟಕ್. ಯಮ. ಎತ್ತಿದರು. ತಂತಿ ಸಿಗಲಿಲ್ಲ. ಐದು. ಆರು. ಬೆರಳಿಗೆ ತಂತಿ ಚುಚ್ಚಿತು. ಸುತ್ತು. ಇನ್ನೊಂದು ಸುತ್ತು. ಹತ್ತು. ಅವನ ಬೆನ್ನ ಹಿಂದೆ ಏನೋ ಹಾಯಿತು. ತಣ್ಣನೆಯ, ಅಗಲವಾದ, ಕೋಣೆಯಷ್ಟು ದೊಡ್ಡದು. ಹನ್ನೆರಡು. ಕೆಳಗೆ ಸದ್ದೇ ಇಲ್ಲ. ಕಲ್ಲವ್ವನವರ ಶಿವಸ್ಮರಣೆಯೂ ನಿಂತಿತ್ತು. ಹದಿಮೂರು. ಬಿಗಿದ. ಹದಿನಾಲ್ಕು.

ತಡೆದ ಉಸಿರು.

ಟಕ್.

ಹದಿನೈದು. ಅವನು ಹಿಡಿದಿದ್ದ ಮರದ ಮೇಲೆಯೇ ಆ ಪೆಟ್ಟು ಬಿದ್ದಿತ್ತು. ಹಗುರಾಗಿದ್ದ ಜಂತಿ ಕೈಯಲ್ಲೇ ಭಾರವಾಯಿತು. ತಾಮ್ರದ ತಂತಿಗಳು ಕಿರ್ರೆಂದು ಎಳೆದವು, ತಾಳಿದವು. ಕೆಳಗೆ ಸಪ್ನಾ ಗಟ್ಟಿಯಾಗಿ, ಉದ್ದವಾಗಿ ಉಸಿರೆಳೆದುಕೊಂಡಳು. ಆಮೇಲೆ ಅತ್ತಳು.

ಲಾಲಪ್ಪ ಏಣಿ ಇಳಿಯುವಾಗ ಮೆಟ್ಟಿಲಿಗೊಮ್ಮೆ ನಿಂತು ಇಳಿದ. ಕಲ್ಲವ್ವನವರು ಕೊಟ್ಟ ಚಹಾ ಕುಡಿದ. ಸಪ್ನಾಳ ತಲೆಯ ಮೇಲೆ ಕೈಯಿಟ್ಟ. ಬಾಗಿಲಲ್ಲಿ ಶಿವರುದ್ರಪ್ಪನವರು ಅವನ ಕೈ ಹಿಡಿದುಕೊಂಡಾಗ, "ಅವ್ವ ಎಡದ ಮೊಲಿ ನನಗ ಕೊಡತಿದ್ಲಂತ. ಎದಿ ಮಗ್ಗಲದ್ದು," ಎಂದು ಮೆಲ್ಲಗೆ ನಕ್ಕು, ಖಾಲಿ ಕೈಗಾಡಿ ಎಳೆದುಕೊಂಡು ಹೋದ. ಖಾಲಿ ಗಾಡಿ ಅಷ್ಟು ಜೋಲಿ ಹೊಡೆಯುವುದೇಕೆಂದು ಬಸವಪ್ರಭು ಅಂದು ಯೋಚಿಸಲಿಲ್ಲ. ಅವನು ತನ್ನ ಮೂರು ದಿನಗಳನ್ನು ಎಣಿಸತೊಡಗಿದ್ದ.

ಸುದ್ದಿ ಬಂದ ಆ ಗುರುವಾರ ಯರವಡಾದ ಲಾಲಪ್ಪನ ಮನೆಗೆ ಅವನು ನಡೆದೇ ಹೋದ. ಹತ್ತು ಅಡಿಯ ಕೋಣೆ, ತಗಡಿನ ಮಾಡು. ಲಾಲಪ್ಪನನ್ನು ಹೊರಗೆ ಕೂಡಿಸಿ ಹೂ ಏರಿಸಿದ್ದರು. ಮುಖ ನೆಮ್ಮದಿಯಿಂದಿತ್ತು, ಎದೆ ಮಾತ್ರ ಒಳಕ್ಕೆ ಕುಸಿದಿತ್ತು. ಹೆಂಡತಿ ಸಾಬವ್ವ ಅಳುತ್ತಿರಲಿಲ್ಲ. ಬಸವಪ್ರಭುವನ್ನು ನೋಡಿ ಎದ್ದು, ಸೆರಗಿನ ಗಂಟು ಬಿಚ್ಚಿ, ಹಳದಿ ದಾರದ ಒಂದು ಸಿಂಬಿಯನ್ನು ಅವನ ಕೈಗಿಟ್ಟಳು.

"ಅಳಿಯಾರದು ಅವರಿಗೆ ಮುಟ್ಟಸು ಅಂದ್ರು," ಎಂದಳು. "ಕೂಸು ಎತ್ಕೊಳ್ಳಾಕ ಒಬ್ಬ ಅಪ್ಪ ಬೇಕಾಗತಾನಂತ."

ಅವನು ಗೋಡೆಯ ಮರೆಗೆ ಹೋದ. ದಾರದ ಒಂದು ತುದಿಯನ್ನು ಹಿಮ್ಮಡಿಯಲ್ಲಿ ಮೆಟ್ಟಿ ಹಿಡಿದು, ಇನ್ನೊಂದು ತುದಿಯನ್ನು ಮೇಲಕ್ಕೆಳೆದ. ಅದು ಸರಿಯಾಗಿ ನೆತ್ತಿಗೆ ಬಂದು ನಿಂತಿತು. ಒಂದು ಕೂದಲಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಜಂತಿಯೊಳಗೆ ಹೋದದ್ದು ಇದಕ್ಕಿಂತ ಗೇಣು ಕಡಿಮೆಯ ದಾರ.

ಆಷಾಢದಲ್ಲಿ ಸಪ್ನಾಗೆ ಗಂಡು ಕೂಸಾಯಿತು. ಬಸವಪ್ರಭು ಮೂರು ಆನಿಕೆಗಳನ್ನು ಬಿಚ್ಚಿ ಕಬ್ಬಿಣದವನ್ನು ಹಾಕಿ, ಆ ಮೂರು ತುಂಡುಗಳನ್ನು ಹೆಗಲ ಮೇಲೆ ಒಯ್ದು ಲಾಲಪ್ಪನ ಗುಂಡಿಯ ಮಗ್ಗುಲಲ್ಲಿ ಮಣ್ಣು ಮಾಡಿ ಬಂದ. ಈಗ ಅಮಾವಾಸ್ಯೆಗೆ ಅಟ್ಟ ಹತ್ತುವವನು ಅವನೇ. ಹದಿನೈದನೆಯ ಜಂತಿಗೆ ವಿಭೂತಿ ಹಚ್ಚಿ ಅಂಗೈ ಊರುತ್ತಾನೆ. ಮರ ಬೆಚ್ಚಗಿರುತ್ತದೆ. ಆ ಭಾರವನ್ನು ಇಳಿಸು ಎಂದು ಬೇಡಲು ಬಾಯಿ ಬರುವುದಿಲ್ಲ. ಇಳಿದರೆ ಅದು ಎಲ್ಲಿಗೆ ಬರುತ್ತದೆಂದು ಅವನಿಗೆ ಗೊತ್ತು, ಕೆಳಗೆ ಕೂಸು ಮಲಗಿರುತ್ತದೆ. ಆದ್ದರಿಂದ ಅವನು ಬೇಡುವುದು ಇಷ್ಟೇ:

ಶಿವನೇ, ಲೋಕದ ವಿಷವನ್ನು ಕಂಠದಲ್ಲಿ ಇಟ್ಟುಕೊಂಡವನು ನೀನು. ಈ ಭಾರವನ್ನೂ ಯಾರ ಮೇಲೂ ಇಳಿಸದೆ ನೀನೇ ಹೊತ್ತುಕೋ. ತಮ್ಮ ದಾರ ಇಟ್ಟ ಆ ತಂದೆಮಗ ಇಬ್ಬರ ಎದೆಯನ್ನೂ ಹಗುರ ಮಾಡು. ಲಾಲಪ್ಪ ಕಾಕಾನಿಗೆ ನಿನ್ನ ಪಾದದ ಬಳಿ, ತಲೆಯ ಮೇಲೆ ಮಾಡಿಲ್ಲದ ಬಯಲಿನಲ್ಲಿ, ನಿಶ್ಚಿಂತೆಯ ನಿದ್ದೆ ಕೊಡು.